ಬಲಗಂಕುಳಿಗೆ ಮಾತ್ರ

ಜಡೆ ಹೆಣೆಯುವವಳ ಕಂಕುಳು
ಕೂತವಳ ಮೂಗಿನ ಮಟ್ಟಕ್ಕೇ ಬರುತ್ತದೆ.
ಕಸುಬು ಕಲಿಸಿದವರು ಇದನ್ನು ಹೇಳಲಿಲ್ಲ.
ತಮಾಲೆಯ ಲಮಾಶೆಗು ಓಣಿಯಲ್ಲಿ
ಹಡಗಿನ ಹಳೇ ಪೆಟ್ಟಿಗೆಗೆ ಬಾಗಿಲು ಕೊರೆದ ನನ್ನ ನೀಲಿ ಅಂಗಡಿ.
ಒಂದು ಕನ್ನಡಿ, ಒಂದು ಫ್ಯಾನು,
ಅದೂ ಕರೆಂಟಿನ ದಯೆ.
ದಿನಕ್ಕೆ ಆರು ಗಂಟೆ ಕೈ ಎತ್ತಿಯೇ ನಿಂತಿರುತ್ತೇನೆ
ಶರಣಾದ ಸಿಪಾಯಿಯ ಹಾಗೆ.

ಮಾರ್ಚಿನಲ್ಲೊಂದು ಮಧ್ಯಾಹ್ನ ರುಕಾಯಾ ಟೀಚರು
ಅರ್ಧ ತಲೆ ಹೆಣೆಸಿಕೊಂಡು
"ಸ್ವಲ್ಪ ಗಾಳಿ" ಎಂದು ಎದ್ದು ಹೊರಗೆ ಹೋದರು.
ಮೂಗು ಮುರಿಯಲಿಲ್ಲ, ಒಳ್ಳೆಯ ಹೆಂಗಸು.
ಮುರಿದಿದ್ದರೆ ವಾಸಿಯಿತ್ತು.

ಪೇಟೆಯ ಸ್ಪ್ರೇ ಮೊದಲೇ ನೋಡಿಯಾಗಿತ್ತು:
ಡಬ್ಬಿಯ ಮೇಲೆ ಹಿಮದ ಬೆಟ್ಟ, ಒಳಗೆ ಕೆಂಡ.
ನಿಂಬೆಹಣ್ಣು ತಿಕ್ಕಿದೆ, ಬುದ್ಧಿಗೇಡಿ,
ಕೂದಲು ಬೋಳಿಸಿದ ದಿನವೇ.
ನಾನು ಕುಣಿದ ಕುಣಿತಕ್ಕೆ
ಪಕ್ಕದ ಟೈರಿನಂಗಡಿಯವನು ರೇಡಿಯೋ ನಿಲ್ಲಿಸಿದ.

ಲಾಮಿಸಿ ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು.
"ಬೆವರಿಗೆ ನಾತ ಇಲ್ಲವೇ, ಅದು ಬರೀ ನೀರು.
ನಾತ ಅಲ್ಲಿ ಬಾಡಿಗೆಗಿರುವವರದ್ದು.
ಮನೆ ಒಣಗಿಸು, ತಾವೇ ಬಿಟ್ಟು ಹೋಗುತ್ತಾರೆ."
ಶಿಯಾ ಬೀಜ ಕುಟ್ಟಿ, ಹುರಿದು, ಅರೆದು,
ಬರಿಗೈಲಿ ಕಡೆದು ಬೆಣ್ಣೆ ತೆಗೆಯುವವಳು.
ಅವಳಿಗೆ ಅರವತ್ತೆಂಟು;
ಮೊಣಕೈಯಿಂದ ಕೆಳಗೆ ಇನ್ನೂ ಇಪ್ಪತ್ತು.

ಬೆಣ್ಣೆ ಮೂರು ಚಮಚ.
ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ತೇಲಿಬಿಟ್ಟು ಕರಗಿಸಬೇಕು,
ನೇರ ಬೆಂಕಿಗಿಟ್ಟರೆ ಮುನಿಸಿಕೊಂಡು ಮರಳುಮರಳು.
ಮರಗೆಣಸಿನ ಹಿಟ್ಟು ಎರಡು ಚಮಚ,
ಅತ್ತೆಯ ಹಳೇ ತಲೆವಸ್ತ್ರದಲ್ಲಿ ಸೋಸಿದ್ದು.
ಅಡಿಗೆ ಸೋಡ. ಇಲ್ಲೇ ನಾನು ಎಡವಿದ್ದು.
ಮೊದಲ ಸಲ ಚಮಚ ತುಂಬ ಹಾಕಿ
ಮೂರನೆಯ ದಿನಕ್ಕೆ ಚರ್ಮ ಸುಲಿದು
ಕೈ ಅಗಲಿಸಿಕೊಂಡೇ ಮಸೀದಿಯ ಮುಂದೆ ಹಾದೆ,
ಎರಡು ಕೊಡ ಹೊತ್ತವಳಂತೆ.
ಈಗ ಉಗುರ ಮೇಲೆ ನಿಲ್ಲುವಷ್ಟು, ಸಾಕು.

ಎರಡನೆಯದು ಹಿತವಾಗಿತ್ತು, ಹನ್ನೆರಡು ಗಂಟೆಯವರೆಗೆ.
ಆಮೇಲೆ ಎಣ್ಣೆಯಾಗಿ ಪಕ್ಕೆಗುಂಟ ಸೊಂಟಕ್ಕಿಳಿಯಿತು.
ಮೂರನೆಯದಕ್ಕೆ ದಾಮೊಂಗೊ ಕಡೆಯ ಜೇನಿನವನ ಹತ್ತಿರ
ಚೌಕಾಸಿ ಮಾಡಿ ತಂದ ಮೇಣ, ಕಡಲೆಕಾಳಿನಷ್ಟು,
ಬೆಣ್ಣೆಯಲ್ಲಿ ರಾತ್ರಿಯೆಲ್ಲ ನೆನೆದ ನಿಂಬೆಹುಲ್ಲು.
ತಲೆಗೆಣ್ಣೆಯ ಖಾಲಿ ಡಬ್ಬಿಗೆ ಸುರಿದು
ಮಡಕೆಯ ನೆರಳಲ್ಲಿಟ್ಟೆ.
ಸಂಜೆಗೆ ಗಟ್ಟಿಯಾಯಿತು,
ಮೇಲೆ ಅತ್ತೆಯ ಹೆಬ್ಬೆರಳ ಗುರುತು.

ಮುಂದಿನ ಶನಿವಾರ ರುಕಾಯಾ ಟೀಚರು
ನನ್ನ ಕಂಕುಳ ಕೆಳಗೇ
ಬಾಯಿ ತೆರೆದು ನಿದ್ದೆ ಹೋದರು.
ಗೊರಕೆ ಕೂಡ.
ಎಬ್ಬಿಸಲು ಮನಸ್ಸಾಗದೆ ಒಂದು ಜಡೆ ಬಿಚ್ಚಿ ಮತ್ತೆ ಹೆಣೆದೆ.

ಆ ರಾತ್ರಿ ವುನ್‌ಪಿನಿ,
ಹನ್ನೊಂದು ತಿಂಗಳು,
ಹಾಲಿಗೆ ಬಂದವಳು ಮೂಸಿ ನೋಡಿದಳು.
ಇನ್ನೊಮ್ಮೆ ಮೂಸಿದಳು.
ತಪ್ಪು ಮನೆಗೆ ಬಂದವರ ಹಾಗೆ
ಹಿಂದೆ ಸರಿದು, ಮುಷ್ಟಿಯಿಂದ ನನ್ನ ದೂಡಿ
ಕತ್ತಲಲ್ಲಿ ನನ್ನನ್ನೇ ಕರೆಯುತ್ತ ಅತ್ತಳು.
"ಇಲ್ಲೇ ಇದ್ದೇನಲ್ಲ" ಎಂದೆ.
ದನಿ ನನ್ನದೇ. ಅವಳು ನಂಬಲಿಲ್ಲ.
ಅತ್ತೆ ಒಂದೂ ಮಾತಾಡದೆ ಎದ್ದು ಹೋಗಿ
ಒಗೆಯುವ ಬುಟ್ಟಿಯಿಂದ ನನ್ನ ನಿನ್ನೆಯ ರವಿಕೆ ತಂದಳು.
ಮಗು ಅದನ್ನು ಕಚ್ಚಿ ಹಿಡಿದು
ಬಿಕ್ಕುತ್ತಲೇ ಮಲಗಿತು.

ಈಗ ಬಲಕ್ಕೆ ಮಾತ್ರ ಹಚ್ಚುತ್ತೇನೆ.
ಗಿರಾಕಿಗಳಿಗೆ ಬಲಗಡೆ, ಬಾಗಿಲಿಗೆ ಎಡಗಡೆ.
ಟೈರಿನವನು ಈಚೆಗೆ ಕುರ್ಚಿ ಸರಿಸಿಕೊಂಡಿದ್ದಾನೆ,
ಯಾಕೆಂದು ಅವನೂ ಹೇಳಿಲ್ಲ, ನಾನೂ ಕೇಳಿಲ್ಲ.
ರಾತ್ರಿ ವುನ್‌ಪಿನಿ ಎಡತೋಳಿನ ಮಡಿಲಲ್ಲಿ
ಮೂಗು ಹೂತು ಮಲಗುತ್ತಾಳೆ.

ಓಣಿಯವರು ಡಬ್ಬಿ ಕೇಳತೊಡಗಿದರು, ಆರು, ಆಮೇಲೆ ಹದಿನಾಲ್ಕು.
ಮುಚ್ಚಳದ ಮೇಲೆ ಏನಾದರೂ ಬರಿ ಎಂದಳು ಅತ್ತೆ.
ಹಿಮದ ಬೆಟ್ಟ ನನಗೆ ಬರೆಯಲು ಬಾರದು.
"ಎಳೆಮಕ್ಕಳಿರುವವರು ಒಂದೇ ಕಡೆ ಹಚ್ಚಿ" ಎಂದು ಬರೆದೆ.
ರುಕಾಯಾ ಟೀಚರು ಓದಿ,
ಕನ್ನಡಕ ಒರೆಸಿಕೊಂಡು
ಇನ್ನೊಮ್ಮೆ ಓದಿದರು.